ಪಾಯ ತೆಗೆಯೋ ಮೊದಲು ಸುಣ್ಣದ ಗೆರೆ ಎಳೀರಿ

ಮೊನ್ನೆ ರಾಗಿ ಇಡೋಕೆ ಅಂತ ನಮ್ಮೂರ ಹೊಸ ಗೋಡೌನಿಗೆ ಹೋಗಿದ್ದೆ. ಟ್ರ್ಯಾಕ್ಟರ್ ತಿರುಗಿಸೋಕೆ ಜಾಗವೇ ಇಲ್ಲ. ರಸ್ತೇಲಿ ನಿಲ್ಲಿಸಿ, ಒಂದೊಂದು 50 ಕೆಜಿ ಚೀಲವನ್ನೂ ಹೊತ್ತು ಐದು ಮೆಟ್ಟಿಲು ಹತ್ತಿದ್ವಿ. ನೆಲ ಎತ್ತರಿಸಿದ್ದು ಸರಿ, ತೇವ ಹತ್ತಲ್ಲ. ಆದ್ರೆ ಟ್ರೈಲರ್ ರಿವರ್ಸ್ ಬಂದು ಬಾಗಿಲಿಗೆ ತಾಗೋ ಹಾಗಿದ್ದಿದ್ರೆ ಚೀಲ ನೇರವಾಗಿ ಒಳಗೆ ಜಾರ್ತಿತ್ತು. ಬಾಗಿಲು ಪಡುವಣಕ್ಕಿದೆ, ಮೇಲೆ ಸಜ್ಜ ಇಲ್ಲ. ಮುಂಗಾರಿನ ಎರಚಲು ಎಲ್ಲಿಗೆ ಹೊಡೆಯುತ್ತೆ ಅಂತ ದನ ಕಾಯೋ ಹುಡುಗನನ್ನ ಕೇಳಿದ್ರೂ ಹೇಳ್ತಿದ್ದ.

ಇನ್ನೊಂದು ಸಂಕಟ ಏನಂದ್ರೆ, ಕಟ್ಟಿದ್ದು ಊರ ಕಣದ ಮೇಲೆ. ಈಗ ಒಕ್ಕಣೆ ಟಾರ್ ರಸ್ತೆ ಮೇಲೆ. ಬೈಕಿನವರು ಜಾರಿ ಬಿದ್ರೆ ಬೈಗುಳ ನಮಗೆ.

ಕೇಳಿದ್ರೆ ಹೇಳ್ತಾರೆ, "ನಕ್ಷೆ ಮೇಲಿಂದ ಬಂದಿದೆ. ಎಲ್ಲರನ್ನೂ ಕೇಳ್ತಾ ಕೂತ್ರೆ ಮಾರ್ಚ್ 31ಕ್ಕೆ ದುಡ್ಡು ವಾಪಸ್ ಹೋಗುತ್ತೆ." ಸ್ವಾಮಿ, ಕಂಬಿ ಎಷ್ಟು, ಸಿಮೆಂಟ್ ಎಷ್ಟು ಅನ್ನೋದು ಇಂಜಿನಿಯರ್ ವಿದ್ಯೆ. ಅದಕ್ಕೆ ನಾವು ತಲೆ ಹಾಕಲ್ಲ. ಗಾಳಿ ಯಾವ ಕಡೆಯದು, ನೀರು ಎಲ್ಲಿ ನಿಲ್ಲುತ್ತೆ, ಗಾಡಿ ಹೇಗೆ ತಿರುಗುತ್ತೆ ಅನ್ನೋದು ನಮ್ಮ ವಿದ್ಯೆ. ಎರಡೂ ಸೇರದೆ ಕಟ್ಟಡ ಆಗಲ್ಲ.

ನಾವು ಕೊಟ್ಟಿಗೆ ಕಟ್ಟೋವಾಗ ಏನ್ಮಾಡ್ತೀವಿ? ಸುಣ್ಣದಲ್ಲಿ ಗೆರೆ ಎಳೆದು, ಒಳಗೆ ನಿಂತು, ದನ ಕಟ್ಟೋ ಜಾಗ ಹೆಜ್ಜೆಯಲ್ಲಿ ಅಳೆದು ನೋಡ್ತೀವಿ. ಸರ್ಕಾರಿ ಕಟ್ಟಡಕ್ಕೂ ಅದೇ ಮಾಡಿ. ಪಾಯಕ್ಕೆ ಮೊದಲು ಗೆರೆ ಎಳೆದು ಊರವರನ್ನ ಕರೀರಿ. ಒಂದು ಟ್ರೈಲರ್ ತಿರುಗಿಸಿ ನೋಡೋಣ. ಹೆಂಗಸರು, ವಯಸ್ಸಾದವರು ಬಂದು ಹೇಳಲಿ. ಒಂದು ಬೆಳಗಿನ ಕೆಲಸ ಅಷ್ಟೇ, ಅದಕ್ಕೆ ಯಾವ ಅನುದಾನವೂ ವಾಪಸ್ ಹೋಗಲ್ಲ.

ತಪ್ಪು ನಮ್ಮದೂ ಇದೆ. 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಆರು ತಿಂಗಳಿಗೊಮ್ಮೆಯಾದ್ರೂ ಗ್ರಾಮಸಭೆ ನಡೀಬೇಕು. ನಾವು ಹೋಗ್ತೀವಿ, ಸಹಿ ಹಾಕ್ತೀವಿ, ಟೀ ಕುಡಿದು ಬರ್ತೀವಿ. ಕಾಮಗಾರಿ ಹೆಸರು ಓದಿದ್ರೆ ಕೈ ಎತ್ತುತೀವಿ, ನಕ್ಷೆ ತೋರಿಸಿ ಅಂತ ಒಬ್ಬರೂ ಕೇಳಲ್ಲ. ನಾನೂ ಕೇಳಿರಲಿಲ್ಲ. ಕೊಡದಿದ್ರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಕಟ್ಟಿ ಅರ್ಜಿ ಹಾಕಿದ್ರೆ 30 ದಿನದೊಳಗೆ ಉತ್ತರ ಕೊಡಲೇಬೇಕು.

ನಿಮ್ಮೂರಲ್ಲಿ ಅಂಗನವಾಡಿನೋ, ಸಮುದಾಯ ಭವನನೋ ಬರೋದಿದ್ರೆ ಈಗಲೇ ನಕ್ಷೆ ಕೇಳಿ. ಸಿಮೆಂಟ್ ಬಿದ್ದ ಮೇಲೆ ನಮ್ಮ ಮಾತಿಗೆ ಬೆಲೆ ಇಲ್ಲ. ಗೆರೆಯನ್ನಾದ್ರೆ ಕಾಲಲ್ಲಿ ಅಳಿಸಿ ಮತ್ತೆ ಎಳೀಬಹುದು.