ರಾಯಚೂರು ಜಿಲ್ಲೆಯ ರಸ್ತೆಗಳೂ ನಮ್ಮ ಹೊಣೆಗಾರಿಕೆಯೂ

2024ನೆಯ ಇಸವಿಯ ಸೆಪ್ಟೆಂಬರ 5ನೆಯ ತಾರೀಖು ದೇಶವೆಲ್ಲ ಶಿಕ್ಷಕರ ದಿನವನ್ನು ಆಚರಿಸಲು ಸಿದ್ಧವಾಗುತ್ತಿದ್ದ ಮುಂಜಾನೆ, ಮಾನ್ವಿ ತಾಲೂಕಿನ ಕಪಗಲ್ ಗ್ರಾಮದ ಬಳಿ ಶಾಲೆಯ ಬಸ್ಸಿಗೂ ಸಾರಿಗೆ ಸಂಸ್ಥೆಯ ಬಸ್ಸಿಗೂ ಡಿಕ್ಕಿಯಾಗಿ ಇಬ್ಬರು ಎಳೆಯ ವಿದ್ಯಾರ್ಥಿಗಳು ಅಸುನೀಗಿದರು; ಅನೇಕ ಮಕ್ಕಳು ಗಾಯಗೊಂಡರು. ಆ ದುಃಖ ಆರುವ ಮೊದಲೇ, 2025ರ ಜನವರಿಯಲ್ಲಿ, ಆನೆಗೊಂದಿಯ ಆರಾಧನೆಗೆಂದು ಹೊರಟಿದ್ದ ಮಂತ್ರಾಲಯದ ಸಂಸ್ಕೃತ ಪಾಠಶಾಲೆಯ ವಾಹನವು ಸಿಂಧನೂರಿನ ಬಳಿ ಉರುಳಿ ಮೂವರು ವಿದ್ಯಾರ್ಥಿಗಳೂ ಚಾಲಕನೂ ಮೃತಪಟ್ಟರು. ಅದೇ ವರ್ಷದ ಏಪ್ರಿಲಿನಲ್ಲಿ ದೇವದುರ್ಗ ತಾಲೂಕಿನ ಅಮರಾಪುರ ಕ್ರಾಸಿನ ಬಳಿ ಸರಕಿನ ಸಣ್ಣ ಗಾಡಿಯೊಂದು ಸೇತುವೆಗೆ ಅಪ್ಪಳಿಸಿ ನಾಲ್ವರು ಪ್ರಾಣ ಕಳೆದುಕೊಂಡರು. ಎಂಟು ತಿಂಗಳೊಳಗೆ ಒಂದೇ ಜಿಲ್ಲೆಯಲ್ಲಿ ನಡೆದ ಈ ಮೂರು ಸಂಗತಿಗಳು ಪತ್ರಿಕೆಗಳ ಮುಖಪುಟಕ್ಕೆ ಬಂದವು. ಒಂಟಿ ಬೈಸಿಕಲ್ಲಿನವನು, ಕೂಲಿಯ ಹೆಣ್ಣುಮಗಳು, ಮೋಟಾರು ಸೈಕಲ್ಲಿನ ತರುಣ ಹೀಗೆ ಒಬ್ಬೊಬ್ಬರಾಗಿ ಸಾಯುವವರ ಸುದ್ದಿಯಾದರೋ ಒಳಪುಟದ ನಾಲ್ಕು ಸಾಲಿನಲ್ಲಿಯೇ ಮುಗಿಯುವದು.

ಇಂಥ ಪ್ರಸಂಗಗಳಾದಾಗ ನಮ್ಮಲ್ಲಿ ನಡೆಯುವ ಕ್ರಮವು ಎಲ್ಲರಿಗೂ ಗೊತ್ತಿದ್ದದ್ದೇ. ಮಂತ್ರಿಗಳು ಸಂತಾಪ ಸೂಚಿಸುವರು. ಸರಕಾರವು ಪರಿಹಾರ ಘೋಷಿಸುವದು. ಪೋಲೀಸರು ಚಾಲಕನ ಅಜಾಗರೂಕತೆಯೆಂದು ಮೊಕದ್ದಮೆ ಹೂಡುವರು. ಜನರು ‘ಹಣೆಯಲ್ಲಿ ಬರೆದದ್ದು ತಪ್ಪೀತೇ’ ಎಂದು ನಿಟ್ಟುಸಿರಿಡುವರು. ವಾರ ಕಳೆಯುವದರೊಳಗೆ ಅದೇ ರಸ್ತೆಯಲ್ಲಿ, ಅದೇ ತಿರುವಿನಲ್ಲಿ, ಅದೇ ವೇಗದಲ್ಲಿ ಗಾಡಿಗಳು ಓಡಾಡತೊಡಗುವವು. ಚಾಲಕನ ತಪ್ಪು ಇರಲಾರದೆಂದು ನಾವು ಹೇಳುವದಿಲ್ಲ. ಆದರೆ ಆ ಒಂದು ಶಬ್ದದಿಂದ ಕಾಗದ ಮುಗಿಯುವದೇ ಹೊರತು ಮುಂದಿನ ಅಪಘಾತ ತಪ್ಪುವದಿಲ್ಲವೆಂಬದೇ ನಮ್ಮ ಮುಖ್ಯ ಆಕ್ಷೇಪ.

ರಾಯಚೂರಿನವರಿಗೆ ಈ ಮಾತನ್ನು ತಿಳಿಯಹೇಳಲು ದೂರದ ಉದಾಹರಣೆ ಬೇಕಿಲ್ಲ. 1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ರೈಲುಹಳಿಯೂ ಮದರಾಸಿನ ಕಡೆಯಿಂದ ಬಂದ ಹಳಿಯೂ ಕೂಡಿದ್ದು ಇದೇ ಊರಿನಲ್ಲಿ. ಪ್ರಯಾಣಿಕರ ರೈಲು ಅಪಘಾತಕ್ಕೀಡಾಗಿ ಜೀವಹಾನಿಯಾದರೆ ರೈಲ್ವೆ ಸುರಕ್ಷತಾ ಆಯುಕ್ತರು ವಿಚಾರಣೆ ನಡೆಸುವರು. ಅವರು ರೈಲ್ವೆ ಇಲಾಖೆಯ ಅಧೀನರಲ್ಲ, ನಾಗರಿಕ ವಿಮಾನಯಾನ ಮಂತ್ರಾಲಯಕ್ಕೆ ಸೇರಿದವರು. ತಪ್ಪು ಮಾಡಿದ ಇಲಾಖೆಯೇ ತನ್ನ ತಪ್ಪನ್ನು ಅಳೆಯಬಾರದೆಂಬ ವಿವೇಕ ಇದರಲ್ಲಿದೆ. ಹಳಿ ಹೇಗಿತ್ತು, ಸಂಕೇತದೀಪ ಹೇಗಿತ್ತು, ನೌಕರನು ಎಷ್ಟು ತಾಸು ದುಡಿದಿದ್ದನು ಎಂಬದನ್ನೆಲ್ಲ ಅವರು ಕೇಳುವರು. ಹಳಿಯ ಮೇಲೆ ಸತ್ತವನಿಗೆ ದೊರೆಯುವ ಈ ಗೌರವವು ಅದೇ ಹಳಿಯ ಮಗ್ಗುಲಿನ ಡಾಂಬರು ರಸ್ತೆಯಲ್ಲಿ ಸತ್ತವನಿಗೆ ಏಕೆ ದೊರೆಯಬಾರದು?

ಈ ಪ್ರಶ್ನೆ ಸಣ್ಣದಲ್ಲ. ಕೇಂದ್ರ ಸರಕಾರದ ಸಾರಿಗೆ ಮಂತ್ರಾಲಯದ ಲೆಕ್ಕದಂತೆ 2022ರ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನರು ಮೃತಪಟ್ಟರು; ಅವರಲ್ಲಿ 11,702 ಜನರು ಕರ್ನಾಟಕದಲ್ಲಿ ಸತ್ತವರು. ಯುದ್ಧವಾಗಲಿ ಮಹಾಮಾರಿಯಾಗಲಿ ಇಷ್ಟು ಜನರನ್ನು ಬಲಿ ತೆಗೆದುಕೊಂಡಿದ್ದರೆ ರಾಷ್ಟ್ರವು ನಿದ್ದೆ ಮಾಡುತ್ತಿತ್ತೇ?

ಕಾರಣಗಳಲ್ಲಿ ಮೊದಲನೆಯದು ವೇಗ. 2022ರ ಮರಣಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಮಿಕ್ಕಿದವು ಅತಿವೇಗದ ಲೆಕ್ಕಕ್ಕೆ ಬರೆಯಲ್ಪಟ್ಟಿವೆ. ವೇಗವು ಇಮ್ಮಡಿಯಾದರೆ ಅಪಾಯವೂ ಇಮ್ಮಡಿಯಾಗುವದೆಂದು ಬಹುಜನರು ತಿಳಿದಿದ್ದಾರೆ, ಅದು ತಪ್ಪು. ತಾಸಿಗೆ 40 ಕಿಲೋಮೀಟರಿನಂತೆ ಹೋಗುವ ಗಾಡಿಯು ಒಂದು ಸೆಕೆಂಡಿನಲ್ಲಿ 11 ಮೀಟರು ಸಾಗುವದು. ಎದುರಿನ ಅಡ್ಡಿಯನ್ನು ಕಂಡು ಕಾಲು ಬ್ರೇಕಿನ ಮೇಲೆ ಬೀಳಲು ಅಷ್ಟು ಹೊತ್ತು ಬೇಕು. ಆ ಬಳಿಕ ನಿಲ್ಲಲು ಒಣ ರಸ್ತೆಯಲ್ಲಿ ಇನ್ನೂ ಸುಮಾರು 10 ಮೀಟರು ಬೇಕು. 80ರ ವೇಗದಲ್ಲಾದರೆ ಮೊದಲನೆಯ ದೂರವು 22 ಮೀಟರು, ಎರಡನೆಯದು ನಾಲ್ಕು ಪಟ್ಟಾಗಿ 40 ಮೀಟರು. ಅಂದರೆ ಒಬ್ಬನು 21 ಮೀಟರಿನಲ್ಲಿ ನಿಂತರೆ ಇನ್ನೊಬ್ಬನು 60 ಮೀಟರು ದಾಟಿದ ಮೇಲೆ ನಿಲ್ಲುವನು. ಮಾನ್ವಿ-ಸಿಂಧನೂರು ಕಡೆಯ ಸುಗ್ಗಿಯ ಕಾಲದಲ್ಲಿ ಭತ್ತ ಹೇರಿಕೊಂಡು ಹಿಂದೀಪವಿಲ್ಲದೆ ಸಾಗುವ ಟ್ರ್ಯಾಕ್ಟರು ರಾತ್ರಿ ಹೊತ್ತು ನಾಲ್ವತ್ತು ಮೀಟರಿನಾಚೆ ಕಣ್ಣಿಗೆ ಬಿದ್ದರೆ ಮೊದಲಿನವನು ಮನೆಗೆ ಸೇರುವನು, ಎರಡನೆಯವನು ಸೇರನು. ಇಲ್ಲಿ ವಿಧಿಯ ಕೆಲಸವೇನೂ ಇಲ್ಲ. ಇದು ಕೇವಲ ಗಣಿತ. ಟ್ರ್ಯಾಕ್ಟರಿನ ಹಿಂದೆ ಹೊಳೆಯುವ ಕೆಂಪು ಪಟ್ಟಿ ಅಂಟಿಸಲು ತಗಲುವ ವೆಚ್ಚವು ಒಂದು ಚೀಲ ಭತ್ತದ ಬೆಲೆಗಿಂತ ಕಡಿಮೆ.

ಎರಡನೆಯದು ನಮ್ಮ ತರುಣರ ಉಡಾಫೆ. 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರ ಸಂಖ್ಯೆ ದೇಶದಲ್ಲಿ 50,029. ರಾಯಚೂರಿನ ಬಿಸಿಲಿನಲ್ಲಿ ತಲೆಗೆ ಹೆಲ್ಮೆಟ್ ಹಾಕಲಾಗದೆಂಬ ಮಾತನ್ನು ನಾವು ಬಹಳ ಕೇಳಿದ್ದೇವೆ. ಬಿಸಿಲು ಕಠಿಣವೆಂಬದು ನಿಜ. ಡಾಂಬರು ಅದಕ್ಕಿಂತಲೂ ಕಠಿಣ. ಹದಿನೆಂಟು ತುಂಬದ ಮಗನ ಕೈಗೆ ಗಾಡಿಯ ಕೀಲಿಕೈ ಕೊಟ್ಟು ಹೆಮ್ಮೆಪಡುವ ತಂದೆಯರಿಗೆ, 2019ರ ತಿದ್ದುಪಡಿಯ ಮೇರೆಗೆ ಅಂಥ ಅಪರಾಧಕ್ಕೆ ಪಾಲಕನಿಗೇ ಮೂರು ವರ್ಷಗಳವರೆಗೆ ಸೆರೆವಾಸವೂ 25,000 ರೂಪಾಯಿ ದಂಡವೂ ವಿಧಿಸಲ್ಪಟ್ಟಿವೆಯೆಂಬದು ಗೊತ್ತಿದೆಯೋ ಇಲ್ಲವೋ! ಕುಡಿದು ಗಾಡಿ ನಡೆಸುವವರ ವಿಷಯದಲ್ಲಂತೂ ಹೆಚ್ಚು ಹೇಳಬೇಕಾಗಿಲ್ಲ. ತನ್ನ ಪ್ರಾಣದ ಮೇಲೆ ಹಕ್ಕಿದೆಯೆನ್ನುವವನಿಗೂ ದಾರಿಹೋಕನ ಪ್ರಾಣದ ಮೇಲೆ ಹಕ್ಕಿಲ್ಲ.

ಮೂರನೆಯದಾಗಿ, ಸರಕಿನ ಗಾಡಿಗಳಲ್ಲಿ ಜನರನ್ನು ತುಂಬುವದು. ಸಿಂಧನೂರಿನ ದುರಂತ ನಡೆದ ಹೊತ್ತಿಗೇ ಯಲ್ಲಾಪುರದ ಬಳಿ ಕಾಯಿಪಲ್ಲೆಯ ಲಾರಿಯು ಕಣಿವೆಗೆ ಉರುಳಿ, ಸರಕಿನ ಮೇಲೆ ಕುಳಿತು ಕುಮಟೆಯ ಸಂತೆಗೆ ಹೊರಟಿದ್ದ ಸವಣೂರಿನ ಹತ್ತು ಮಂದಿ ವ್ಯಾಪಾರಿಗಳು ಸತ್ತರು. ದೇವದುರ್ಗ, ಮಾನ್ವಿಗಳ ಹಳ್ಳಿಗಳಲ್ಲಿ ಹತ್ತಿ ಬಿಡಿಸಲು, ಮೆಣಸಿನಕಾಯಿ ಕೀಳಲು ಹೋಗುವ ಹೆಣ್ಣಾಳುಗಳು ಟಂಟಂಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಇದೇ ರೀತಿ ಹೋಗುವದನ್ನು ಯಾರೂ ನೋಡಬಹುದು. ಆದರೆ ಇಲ್ಲಿ ನಾವು ಕೂಲಿಯವರನ್ನು ದೂಷಿಸಲಾರೆವು. ನಸುಕಿನಲ್ಲಿ ಹೊಲ ಮುಟ್ಟಬೇಕಾದವಳಿಗೆ ಹತ್ತು ಗಂಟೆಗೆ ಬರುವ ಬಸ್ಸಿನಿಂದ ಏನು ಪ್ರಯೋಜನ? ಗಾಡಿ ಹಿಡಿದು ದಂಡ ಹಾಕಿದರೆ ಅವಳ ಒಂದು ದಿನದ ಕೂಲಿ ಹೋಗುವದು, ಮರುದಿನ ಮತ್ತೆ ಅದೇ ಗಾಡಿಯೇ ಗತಿ. ಕಾಯ್ದೆಯು ಬಾಗಿಲು ಮುಚ್ಚುವ ಮುನ್ನ ಸಾರಿಗೆ ಸಂಸ್ಥೆಯು ಇನ್ನೊಂದು ಬಾಗಿಲನ್ನು ತೆರೆಯಬೇಕು. 1932ರಲ್ಲಿ ನಿಜಾಮ ಸಂಸ್ಥಾನದ ಸಾರಿಗೆಯು ಆರಂಭವಾದಾಗ ಅದರಲ್ಲಿದ್ದ ಬಸ್ಸುಗಳು 27 ಮಾತ್ರ. ಇಂದು ಕಲ್ಯಾಣ ಕರ್ನಾಟಕ ಸಾರಿಗೆ ಸಂಸ್ಥೆಗೆ ದೊಡ್ಡ ದಂಡೇ ಇದೆ. ಸುಗ್ಗಿಯ ನಾಲ್ಕು ತಿಂಗಳಾದರೂ ಕೂಲಿಯ ವೇಳೆಗೆ ಹೊಂದಿಸಿ ಬಸ್ಸುಗಳನ್ನು ಓಡಿಸುವದು ಅದಕ್ಕೆ ಅಸಾಧ್ಯವೆಂದು ನಾವು ನಂಬೆವು.

ನಾಲ್ಕನೆಯದು ರಸ್ತೆ. ಕೆಟ್ಟ ರಸ್ತೆಯ ಗುಂಡಿಯು ಜನರನ್ನು ಕೊಲ್ಲುವದೆಂದು ಎಲ್ಲರೂ ಬಲ್ಲರು. ಆದರೆ ಊರಿನ ನಟ್ಟನಡುವೆ ನೆಟ್ಟಗೆ ಹಾಯ್ದ ಹೊಸ ರಸ್ತೆಯೂ ಕೊಲ್ಲುವದೆಂಬದನ್ನು ಕಡಿಮೆ ಜನರು ಯೋಚಿಸುತ್ತಾರೆ. ಶಾಲೆಯೆದುರು ವೇಗ ತಗ್ಗಿಸುವ ಉಬ್ಬಿಲ್ಲದೆ, ಸೇತುವೆಯ ಅಂಚಿಗೆ ಬಣ್ಣವಿಲ್ಲದೆ, ಕೂಡುರಸ್ತೆಗೆ ದೀಪವಿಲ್ಲದೆ ಮಾಡಿದ ಕೆಲಸವನ್ನು ಪೂರ್ಣಗೊಂಡ ಕೆಲಸವೆನ್ನಲಾಗದು. ರಸ್ತೆಯನ್ನು ನಿಯಮಕ್ಕೆ ತಕ್ಕಂತೆ ರಚಿಸದೆ ಅಥವಾ ಕಾಪಾಡದೆ ಜೀವಹಾನಿಯಾದರೆ ಅಧಿಕಾರಿಗೂ ಗುತ್ತಿಗೆದಾರನಿಗೂ ಒಂದು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದೆಂದು ಮೋಟಾರು ವಾಹನ ಕಾಯ್ದೆಯ 198ಎ ಕಲಮು ಹೇಳುತ್ತದೆ. ಚಾಲಕನ ಮೇಲಿನ ಕಲಮುಗಳು ಠಾಣೆಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿವೆ. ಈ ಕಲಮನ್ನೂ ಅಷ್ಟೇ ಶ್ರದ್ಧೆಯಿಂದ ಓದಬೇಕು.

ಅಪಘಾತವಾದ ಮೇಲಿನ ಮೊದಲ ಒಂದು ತಾಸು ಗಾಯಾಳುವಿನ ಅಳಿವು-ಉಳಿವನ್ನು ನಿರ್ಣಯಿಸುವದು. ದೇವದುರ್ಗದ ಒಳಹಳ್ಳಿಯಿಂದ ರಾಯಚೂರಿನ ರಿಮ್ಸ್ ಆಸ್ಪತ್ರೆಯನ್ನು ಮುಟ್ಟುವದರಲ್ಲಿಯೇ ಆ ತಾಸು ಕಳೆದುಹೋಗುವದು. ಜಿಲ್ಲೆಯ ಜನರು ಏಮ್ಸ್ ಸಂಸ್ಥೆಗಾಗಿ 2022ರಲ್ಲಿ ಧರಣಿ ಹೂಡಿದ್ದು ಬರಿಯ ಅಭಿಮಾನದಿಂದಲ್ಲ, ಇಂಥ ಅನುಭವದಿಂದಲೇ. ಅದು ದೊರೆಯಲೇಬೇಕು, ಆದರೆ ಅಲ್ಲಿಯವರೆಗೆ ತಾಲೂಕು ಆಸ್ಪತ್ರೆಗಳಲ್ಲಿ ರಕ್ತ ನಿಲ್ಲಿಸುವ, ಮುರಿದ ಎಲುಬು ಕಟ್ಟುವ ಏರ್ಪಾಡು ರಾತ್ರಿ ಹಗಲು ಇರುವಂತೆ ಮಾಡುವದನ್ನು ತಡೆದವರಾರು? ಗಾಯಾಳುವನ್ನು ಆಸ್ಪತ್ರೆಗೆ ಒಯ್ದವನನ್ನು ಪೋಲೀಸರು ಪೀಡಿಸುವಂತಿಲ್ಲವೆಂದು ಕಾಯ್ದೆಯ 134ಎ ಕಲಮಿನಲ್ಲಿಯೇ ಅಭಯವಿದೆ. ಮೊದಲ ಏಳು ದಿನಗಳಲ್ಲಿ ಒಂದೂವರೆ ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಗೆ ಗಾಯಾಳುವಿನಿಂದ ಹಣ ಕೇಳಬಾರದೆಂಬ ಕೇಂದ್ರದ ಯೋಜನೆಯು 2025ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಇವೆರಡೂ ಮಾನ್ವಿಯ ಸಂತೆಯಲ್ಲಿ ಡಂಗುರ ಸಾರಿಸಬೇಕಾದ ಸಂಗತಿಗಳು.

‘ನಮ್ಮ ಜನರಿಗೆ ಶಿಸ್ತಿಲ್ಲ, ಏನು ಮಾಡಿದರೂ ಅಷ್ಟೇ’ ಎಂದು ಕೆಲವು ಅಧಿಕಾರಿಗಳು ಹೇಳುವದುಂಟು. ಪರಕೀಯರ ಆಳಿಕೆಯಲ್ಲಿಯೂ ನಮ್ಮ ಬಗ್ಗೆ ಇದೇ ಮಾತನ್ನಾಡುತ್ತಿದ್ದರು. ನೆರೆಯ ತಮಿಳುನಾಡಿನಲ್ಲಿ 2016ರಲ್ಲಿ 17,218 ಇದ್ದ ರಸ್ತೆಮರಣಗಳು, ಆಂಬುಲೆನ್ಸುಗಳನ್ನು ಅಪಾಯದ ಸ್ಥಳಗಳ ಸಮೀಪದಲ್ಲಿಟ್ಟು ಆಸ್ಪತ್ರೆಗಳನ್ನು ಸಜ್ಜುಗೊಳಿಸಿದ ಕಾಲದಲ್ಲಿ, 2018ಕ್ಕೆ 12,216ಕ್ಕೆ ಇಳಿದವು. ಎರಡು ವರ್ಷಗಳಲ್ಲಿ ಜನರ ಸ್ವಭಾವವು ಬದಲಾಗಲಿಲ್ಲ, ಬದಲಾದದ್ದು ಆಡಳಿತ. 2022ಕ್ಕೆ ಆ ಸಂಖ್ಯೆಯು ಮತ್ತೆ 17,884ಕ್ಕೆ ಏರಿತೆಂಬದನ್ನೂ ನಾವು ಮುಚ್ಚಿಡುವದಿಲ್ಲ. ಒಮ್ಮೆ ಗೆದ್ದದ್ದು ಕಾವಲಿಲ್ಲದೆ ಉಳಿಯದೆಂಬದೇ ಅದರ ಪಾಠ.

ಆದುದರಿಂದ ನಾವು ಕೇಳುವದು ಹೊಸ ಕಾಯ್ದೆಯನ್ನಲ್ಲ. ಅಪಘಾತಗಳ ಕಾರಣಗಳನ್ನು ಆಳವಾಗಿ ಶೋಧಿಸಲು ಯೋಜನೆ ಮಾಡಬಹುದೆಂದು 1988ರ ಕಾಯ್ದೆಯ 135ನೆಯ ಕಲಮೇ ಹೇಳಿದೆ. ಪ್ರತಿ ಜಿಲ್ಲೆಯಲ್ಲಿಯೂ ರಸ್ತೆ ಸುರಕ್ಷತಾ ಸಮಿತಿಯಿರಬೇಕೆಂದು ಸುಪ್ರೀಂ ಕೋರ್ಟು 2017ರಲ್ಲಿ ಆಜ್ಞಾಪಿಸಿದೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಆ ಸಮಿತಿಯು ಪ್ರತಿಯೊಂದು ಮರಣದ ವಿಷಯದಲ್ಲಿಯೂ ಐದು ಪ್ರಶ್ನೆಗಳಿಗೆ ಉತ್ತರ ಬರೆಯಿಸಲಿ: ವೇಗವೆಷ್ಟಿತ್ತು? ರಸ್ತೆ ಹೇಗಿತ್ತು? ಗಾಡಿಯೂ ಅದರ ಹೊರೆಯೂ ಹೇಗಿದ್ದವು? ಚಾಲಕನು ಎಷ್ಟು ತಾಸು ನಿದ್ದೆಗೆಟ್ಟಿದ್ದನು? ಗಾಯಾಳುವು ಎಷ್ಟು ಹೊತ್ತಿಗೆ ಆಸ್ಪತ್ರೆ ಮುಟ್ಟಿದನು? ಆ ಉತ್ತರಗಳು ತಿಂಗಳಿಗೊಮ್ಮೆ ಕನ್ನಡದಲ್ಲಿ ಪ್ರಕಟವಾಗಲಿ; ಅವುಗಳ ಮೇಲೆ ಏನು ಕ್ರಮ ಕೈಕೊಂಡರೆಂಬದೂ ಜೊತೆಗಿರಲಿ. ಇದಕ್ಕೆ ಹಣ ಹೆಚ್ಚು ಬೇಡ, ಮನಸ್ಸು ಬೇಕು. ಪಟ್ಟಣದ ವಕೀಲರು, ಶಿಕ್ಷಕರು, ವರ್ತಕರು ಆ ವರದಿಯನ್ನು ಪ್ರತಿ ತಿಂಗಳೂ ಕೇಳಿ ಪಡೆಯುವ ಹಟವನ್ನು ತೊಡಬೇಕು. ಕೇಳುವವರಿಲ್ಲದ ವರದಿಯನ್ನು ಯಾರೂ ಬರೆಯರು.

ಸ್ವರಾಜ್ಯವೆಂದರೆ ಧ್ವಜವೂ ಚುನಾವಣೆಯೂ ಮಾತ್ರವಲ್ಲ; ಹಳ್ಳಿಯ ಮಗುವು ಬೆಳಿಗ್ಗೆ ಶಾಲೆಗೆ ಹೋಗಿ ಸಾಯಂಕಾಲ ಮನೆಗೆ ಮರಳುವದೆಂಬ ಭರವಸೆಯೂ ಸ್ವರಾಜ್ಯವೇ. ಕಪಗಲ್ಲಿನ ಬಳಿ ಇಬ್ಬರು ಮಕ್ಕಳ ವಿಷಯದಲ್ಲಿ ಆ ಭರವಸೆಯನ್ನು ನಾವು ಉಳಿಸಿಕೊಳ್ಳಲಿಲ್ಲ. ಮೂರನೆಯ ಮಗುವಿನ ವಿಷಯದಲ್ಲಾದರೂ ಉಳಿಸಿಕೊಳ್ಳುವೆವೋ ಎಂಬದಕ್ಕೆ ಜಿಲ್ಲೆಯ ಅಧಿಕಾರಿಗಳೂ ನಾಗರಿಕರೂ ಕೂಡಿಯೇ ಉತ್ತರ ಕೊಡಬೇಕಾಗಿದೆ.