“ಫೈರ್ ಎಂಬ್ಲೆಮ್” ಆಟವೂ ಕರುಣರಸವೂ

ಜಪಾನು ದೇಶದ ವಿಡಿಯೋ ಆಟಗಳಲ್ಲಿ ಒಂದಾದ “ಫೈರ್ ಎಂಬ್ಲೆಮ್: ತ್ರೀ ಹೌಸಸ್” ಎಂಬುದನ್ನು ಕುರಿತು ಆಡುವವರೂ ಬರೆಯುವವರೂ ಎರಡು ಪಂಗಡವಾಗಿ ವಾದಿಸುವುದುಂಟು. ದೊಡ್ಡ ಕಣ್ಣು, ಬಣ್ಣಬಣ್ಣದ ಕೂದಲುಗಳಿಂದ ಕೂಡಿದ ಆನಿಮೆ ಚಿತ್ರಗಳನ್ನು ಕಂಡೊಡನೆಯೆ, ಇದು ಬಾಲಕರ ವಿನೋದವೆಂದು ತಳ್ಳಿಬಿಡುವವರು ಒಂದು ಪಂಗಡದವರು. ಎಷ್ಟು ಗಂಟೆಗಳ ಆಟ, ಕಥೆಗೆ ಎಷ್ಟು ದಾರಿ, ತಪ್ಪಿದ ನಡೆಯನ್ನು ಹಿಂದೆಗೆಯಲು ಎಷ್ಟು ಸೌಕರ್ಯ ಎಂದು ಲೆಕ್ಕ ಹಾಕಿ ಹೊಗಳುವವರು ಮತ್ತೊಂದು ಪಂಗಡದವರು. ಮೊದಲಿನವರು ಕೃತಿಯನ್ನು ನೋಡಲೇ ಇಲ್ಲ. ಎರಡನೆಯವರು ಅದರ ದೋಷವನ್ನೇ ಗುಣವೆಂದು ಎಣಿಸಿದರು. ಕಥೆ, ಪಾತ್ರ, ಸಂಭಾಷಣೆ, ಸಂಗೀತ ಇವೆಲ್ಲವೂ ಸೇರಿ ಮನಸ್ಸಿನಲ್ಲಿ ಭಾವವನ್ನೆಬ್ಬಿಸಲು ಹೊರಟ ಮೇಲೆ ಇಂಥ ಆಟವೂ ದೃಶ್ಯಕಾವ್ಯದ ದಾಯಾದಿಯೇ ಸರಿ. ಅದನ್ನು ರಸದ ಒರೆಗಲ್ಲಿನ ಮೇಲೆಯೇ ತಿಕ್ಕಿ ನೋಡತಕ್ಕದ್ದು.

ಚಿತ್ರಗಳ ವಿಷಯವನ್ನು ಮೊದಲು ಮುಗಿಸಿಬಿಡಬಹುದು. ಭರತಮುನಿಯು ಲೋಕಧರ್ಮಿ, ನಾಟ್ಯಧರ್ಮಿ ಎಂದು ಪ್ರಯೋಗದ ಎರಡು ಬಗೆಗಳನ್ನು ಹೇಳಿರುವನಷ್ಟೆ. ಲೋಕದಲ್ಲಿರುವಂತೆಯೇ ತೋರಿಸುವುದು ಒಂದು. ಸಂಕೇತದಿಂದ ತೋರಿಸುವುದು ಇನ್ನೊಂದು. ಯಕ್ಷಗಾನದ ಬಣ್ಣದ ವೇಷವನ್ನು ಕಂಡು “ಮುಖವು ಎಲ್ಲಿಯಾದರೂ ಹೀಗಿರುವುದುಂಟೆ?” ಎಂದು ಕೇಳುವವನು ಹೇಗೆ ಅರಸಿಕನೋ, ಚಿನಾತ್ಸು ಕುರಹಾನ ಎಂಬ ಕಲಾವಿದರು ಈ ಆಟಕ್ಕೆ ಬರೆದ ಪಾತ್ರಗಳ ಕಣ್ಣನ್ನು ಅಳೆಯುವವನೂ ಹಾಗೆಯೇ. ಅದು ಒಂದು ದೇಶದ ನಾಟ್ಯಧರ್ಮಿ. ಅದನ್ನು ಒಪ್ಪಿ ಒಳಹೊಕ್ಕವನಿಗೆ ಮಾತ್ರ ಮುಂದಿನ ವಿಚಾರ.

ಈ ಆಟದ ಕುಲವನ್ನು ಹುಡುಕುತ್ತ ಹೋದರೆ ಚದುರಂಗದ ಮಣೆಯೇ ಸಿಕ್ಕುತ್ತದೆ. ಭರತಖಂಡದ ಚತುರಂಗವು ಪಾರಸೀಕರ ಮೂಲಕ ಪಶ್ಚಿಮಕ್ಕೆ ಹೋಗಿ ಚೆಸ್ ಆಯಿತು. ಪೂರ್ವದಲ್ಲಿ ಅದರ ಬಂಧುವಾಗಿ ಬೆಳೆದುದು ಜಪಾನಿನ ಶೋಗಿ. ಚೌಕದ ಮನೆಗಳಾಗಿ ಹಂಚಿದ ನೆಲ, ಒಬ್ಬರಾದ ಮೇಲೊಬ್ಬರಿಗೆ ಬರುವ ಸರದಿ, ಒಂದೊಂದು ಕಾಯಿಗೆ ಒಂದೊಂದು ನಡೆ, ಇವು “ಫೈರ್ ಎಂಬ್ಲೆಮ್” ಮಾಲೆಗೂ ಬಂದ ಪಿತ್ರಾರ್ಜಿತಗಳು. ಈ ಮಾಲೆಯ ಮೊದಲನೆಯ ಆಟವು 1990ನೆಯ ಇಸವಿ ಏಪ್ರಿಲ್ 20ರಂದು ಪ್ರಕಟವಾಯಿತು. ಅದನ್ನು ರೂಪಿಸಿದ ಶೋಜೊ ಕಾಗಾ ಎಂಬವರು ಕಾಯಿಗೆ ಹೆಸರನ್ನಿಟ್ಟರು. ಮುಖವನ್ನೂ ಮಾತನ್ನೂ ಕೊಟ್ಟರು. ಒಮ್ಮೆ ಮಡಿದವನು ಆ ಕಥೆ ಮುಗಿಯುವವರೆಗೆ ಮರಳಿ ಬಾರನೆಂಬ ಕಟ್ಟಳೆಯನ್ನೂ ಮಾಡಿದರು. ಚದುರಂಗದಲ್ಲಿ ಹೊಡೆದ ಕುದುರೆಯು ಮರುಆಟಕ್ಕೆ ಮಣೆಯ ಮೇಲೆ ನಿಲ್ಲುತ್ತದೆ. ಅದಕ್ಕಾಗಿ ಯಾರೂ ಅಳುವುದಿಲ್ಲ. ಹೆಸರುಳ್ಳ ಸವಾರನು ಬಿದ್ದಾಗ ಮುಂದಿನ ಕಾಳಗದಲ್ಲಿ ಅವನ ಸ್ಥಾನವು ಬರಿದಾಗಿಯೇ ಇರುತ್ತದೆ. ಆ ಮೊದಲ ಆಟದ ಕೊನೆಯ ಭಾಗದಲ್ಲಿ ಸತ್ತವರನ್ನು ಎಬ್ಬಿಸುವ ದಂಡವೊಂದಿದೆ. ಅದರಿಂದ ಏಳತಕ್ಕವನು ಒಬ್ಬನೇ. ಹತ್ತು ಮಂದಿಯನ್ನು ಕಳೆದುಕೊಂಡವನು ಒಬ್ಬನನ್ನು ಆರಿಸಿ ಒಂಬತ್ತು ಮಂದಿಯನ್ನು ಬಿಡಬೇಕು. ದಯೆಗೂ ಅಲ್ಲಿ ಬೆಲೆಯಿತ್ತು.

ಈ ಕಟ್ಟಳೆಯಿಂದ ಹುಟ್ಟಿದ ಫಲವೇನು? ಕರುಣಕ್ಕೂ ವಿಪ್ರಲಂಭಶೃಂಗಾರಕ್ಕೂ ಭೇದವೇನೆಂಬಲ್ಲಿ ಭರತನು ಮಾಡಿದ ನಿರ್ಣಯವು ಇಲ್ಲಿ ನೆರವಾಗುತ್ತದೆ. ಎರಡರಲ್ಲಿಯೂ ಅಗಲಿಕೆಯುಂಟು, ದುಃಖವುಂಟು. ಆದರೆ ಮರಳಿ ಸೇರುವೆವೆಂಬ ಅಪೇಕ್ಷೆ ಉಳಿದಿರುವುದು ವಿಪ್ರಲಂಭ. ಆ ಅಪೇಕ್ಷೆಯು ಬುಡಸಹಿತ ಕಡಿದುಹೋದದ್ದು ಕರುಣ. ಒಂದು ಸಾಪೇಕ್ಷ, ಇನ್ನೊಂದು ನಿರಪೇಕ್ಷ. ಕಾಗಾ ಅವರ ಕಟ್ಟಳೆಯು ಮಣೆಯ ಆಟಕ್ಕೆ ಈ ನಿರಪೇಕ್ಷವಾದ ಶೋಕವನ್ನು ತಂದುಕೊಟ್ಟಿತು. ಮಾಲೆಯ ಕೀರ್ತಿಗೆ ಇದು ಮೂಲ.

ಇನ್ನು “ತ್ರೀ ಹೌಸಸ್” ಆಟದ ಕಥೆ. ಇಂಟೆಲಿಜೆಂಟ್ ಸಿಸ್ಟಮ್ಸ್ ಮತ್ತು ಕೋಯೆಯ್ ಟೆಕ್ಮೊ ಸಂಸ್ಥೆಗಳವರು ನಿರ್ಮಿಸಿದ ಇದನ್ನು ನಿಂಟೆಂಡೊ ಸಂಸ್ಥೆಯವರು 2019ನೆಯ ಇಸವಿ ಜುಲೈ 26ರಂದು ತಮ್ಮ ಸ್ವಿಚ್ ಯಂತ್ರಕ್ಕಾಗಿ ಹೊರತಂದರು. ಫೋಡ್ಲಾನ್ ಎಂಬ ಕಲ್ಪಿತ ಭೂಖಂಡ. ಅಲ್ಲಿ ಮೂರು ರಾಜ್ಯಗಳು. ನಡುವೆ ಗಾರೆಗ್ ಮಾಕ್ ಎಂಬ ಮಠ. ಮಠದಲ್ಲಿ ಒಂದು ವಿದ್ಯಾಲಯ. ಆಡುವವನು ಬೈಲೆತ್ ಎಂಬ ಉಪಾಧ್ಯಾಯನ ಪಾತ್ರವನ್ನು ವಹಿಸಿ, ಕಪ್ಪು ಹದ್ದು, ನೀಲಿ ಸಿಂಹ, ಚಿನ್ನದ ಜಿಂಕೆ ಎಂಬ ಮೂರು ತರಗತಿಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಎಡೆಲ್‌ಗಾರ್ಡ್, ಡಿಮಿಟ್ರಿ, ಕ್ಲಾಡ್ ಎಂಬವರು ಆ ತರಗತಿಗಳ ನಾಯಕರು. ಮುಂದೆ ಮೂರು ರಾಜ್ಯಗಳನ್ನು ಆಳತಕ್ಕವರೂ ಅವರೇ. ವಾರವಾರವೂ ಪಾಠ ಹೇಳುವುದು, ಶಿಷ್ಯರೊಡನೆ ಕುಳಿತು ಉಣ್ಣುವುದು, ಚಹಾ ಕುಡಿಯುವುದು, ಅವರು ಕಳೆದುಕೊಂಡ ವಸ್ತುಗಳನ್ನು ಹುಡುಕಿ ಕೊಡುವುದು, ಹೀಗೆ ಅರ್ಧ ಕಥೆ ಸಾಗುತ್ತದೆ. ಗ್ರಾಂಡರ್ ಎಂಬ ಬಯಲಿನಲ್ಲಿ ಮೂರು ತರಗತಿಗಳಿಗೂ ಅಣಕುಕಾಳಗವೊಂದು ನಡೆಯುತ್ತದೆ. ಅಲ್ಲಿ ಸೋತವರು ನಗುತ್ತ ಎದ್ದು ಹೋಗುತ್ತಾರೆ. ಬಳಿಕ ಯುದ್ಧವು ಹುಟ್ಟಿ ಐದು ವರ್ಷಗಳು ಉರುಳುತ್ತವೆ. ಕಥೆಯ ಕೆಲವು ದಾರಿಗಳಲ್ಲಿ ಅದೇ ಬಯಲಿನಲ್ಲಿ ಅದೇ ಸಹಪಾಠಿಗಳು ನಿಜವಾದ ಆಯುಧಗಳೊಡನೆ ಎದುರುಬದುರಾಗುತ್ತಾರೆ. ತಾನು ಕೈಹಿಡಿದು ಕಲಿಸಿದ ಬಿಲ್ವಿದ್ಯೆಯಿಂದಲೇ ತನ್ನ ಒಬ್ಬ ಶಿಷ್ಯನು ನೆರೆಯ ತರಗತಿಯ ಹುಡುಗನನ್ನು ಕೊಲ್ಲುವುದನ್ನು ಗುರುವು ನಿಂತು ನೋಡಬೇಕು. ದ್ರೋಣನ ಸ್ಥಿತಿಯನ್ನು ಬಲ್ಲವರಿಗೆ ಈ ಸಂಕಟವನ್ನು ವಿವರಿಸಬೇಕಾಗಿಲ್ಲ. ಕಥಾವಸ್ತುವಿನ ಯೋಗ್ಯತೆಯಲ್ಲಿ ಸಂದೇಹವಿಲ್ಲ.

ಹೀಗಿರಲು ದೋಷವೆಲ್ಲಿ? “ಡಿವೈನ್ ಪಲ್ಸ್” ಎಂಬ ಶಕ್ತಿಯೊಂದನ್ನು ಸೋಥಿಸ್ ಎಂಬ ದೇವತೆಯು ಗುರುವಿಗೆ ಅನುಗ್ರಹಿಸುತ್ತಾಳೆ. ಕಾಳಗದಲ್ಲಿ ಯಾರಾದರೂ ಮಡಿದರೆ, ಒಂದು ಗುಂಡಿಯನ್ನೊತ್ತಿ ಕಾಲವನ್ನು ಹಿಂದಕ್ಕೆ ತಿರುಗಿಸಿ, ಆ ನಡೆಯನ್ನು ಬೇರೆಯಾಗಿ ನಡೆಯಿಸಬಹುದು. ಒಂದು ಕಾಳಗದಲ್ಲಿ ಇಷ್ಟೇ ಸಲವೆಂಬ ಮಿತಿಯೇನೋ ಉಂಟು. ಮಠದ ಸಂತರ ಪ್ರತಿಮೆಗಳನ್ನು ಜೀರ್ಣೋದ್ಧಾರ ಮಾಡಿಸಿ ಆ ಮಿತಿಯನ್ನೂ ಹೆಚ್ಚಿಸಿಕೊಳ್ಳಬಹುದು. ಇದು ಒಮ್ಮೆಗೇ ಬಂದ ವ್ಯಾಧಿಯಲ್ಲ. ಬಿದ್ದವರು ಮುಂದಿನ ಕಾಳಗಕ್ಕೆ ಎದ್ದುಬರುವ “ಕ್ಯಾಶುಯಲ್” ಎಂಬ ಕ್ರಮವು 2010ರಲ್ಲಿ ಮಾಲೆಯೊಳಗೆ ಬಂದಿತು. ಬಿದ್ದವರು ಮರುಸರದಿಗೇ ಏಳುವ ಕ್ರಮವು 2015ರಲ್ಲಿ. ಕಾಲವನ್ನು ತಿರುಗಿಸುವ ಚಕ್ರವು 2017ರಲ್ಲಿ. 2023ರ “ಎಂಗೇಜ್” ಎಂಬ ಆಟದಲ್ಲಿ ಅದೇ ಶಕ್ತಿಯು ಸ್ಫಟಿಕದ ರೂಪವನ್ನು ತಾಳಿತು.

ಇವೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. “ಕ್ಯಾಶುಯಲ್” ಕ್ರಮವು ಪ್ರಾಮಾಣಿಕವಾದುದು. ಇಲ್ಲಿ ಮರಣವಿಲ್ಲ, ಕಥೆಯನ್ನು ಕೇಳಿ ಸಂತೋಷಪಡಿರಿ ಎಂದು ಅದು ಬಾಗಿಲಿನಲ್ಲಿಯೇ ಹೇಳುತ್ತದೆ. ಹೊಸಬರಿಗೂ ಹೊತ್ತು ಸಾಲದವರಿಗೂ ಅದು ತಕ್ಕುದು. ಆಕ್ಷೇಪಾರ್ಹವಾದುದು “ಕ್ಲಾಸಿಕ್” ಎಂಬ ಕ್ರಮದೊಳಗೆ ಸೇರಿಕೊಂಡಿರುವ ಕಾಲಚಕ್ರ. ಮಡಿದವರು ಮರಳಲಾರರೆಂದು ಮಾತು ಕೊಟ್ಟು, ಮರುಕ್ಷಣದಲ್ಲಿಯೇ ಮರಳಿಸುವ ಗುಂಡಿಯನ್ನು ಕೈಗಿಡುವುದು ವಚನಭಂಗ. ಶೋಕವು ಹುಟ್ಟುವ ಮೊದಲೇ ಅಪೇಕ್ಷೆಯು ಹುಟ್ಟುತ್ತದೆ. ಶಿಷ್ಯೆಯೊಬ್ಬಳು ಕೊನೆಯ ಮಾತನ್ನಾಡುತ್ತಿರುವಾಗ ಆಡುವವನ ಕಿವಿಯು ಆ ಮಾತಿನಲ್ಲಿ ಇರುವುದಿಲ್ಲ. ಇನ್ನೆಷ್ಟು ಸಲ ತಿರುಗಿಸಬಹುದೆಂಬ ಎಣಿಕೆಯಲ್ಲಿ ಇರುತ್ತದೆ. ಅಲ್ಲಿ ಕರುಣವಿಲ್ಲ, ಕಾಯುವಿಕೆಯೇ ಇಲ್ಲವಾದುದರಿಂದ ವಿಪ್ರಲಂಭವೂ ಇಲ್ಲ. ಉಳಿಯುವುದು ಲೆಕ್ಕವೊಂದೇ.

ಇದಕ್ಕೆ ಪೂರ್ವಪಕ್ಷದವರು ಹೇಳುವುದೇನು? “ಹಳೆಯ ಆಟಗಾರರೂ ಪ್ರಿಯನಾದ ವೀರನು ಸತ್ತರೆ ಯಂತ್ರವನ್ನು ನಿಲ್ಲಿಸಿ, ಕಾಳಗವನ್ನು ಮೊದಲಿನಿಂದ ಆಡುತ್ತಿದ್ದರಲ್ಲವೆ? ಕಾಲಚಕ್ರವು ಅವರ ಹೊತ್ತನ್ನು ಉಳಿಸಿತು, ಅಷ್ಟೆ” ಎಂದು. ಈ ಮಾತಿನಲ್ಲಿ ಸತ್ಯಾಂಶವಿರುವುದನ್ನು ಒಪ್ಪತಕ್ಕದ್ದೇ. ಆದರೆ ಮೊದಲಿನಿಂದ ಆಡುವವನು ಆ ಕಾಳಗದಲ್ಲಿ ಗಳಿಸಿದ್ದೆಲ್ಲವನ್ನೂ ತೆತ್ತು ಒಬ್ಬನ ಜೀವವನ್ನು ಬಿಡಿಸಿಕೊಳ್ಳುತ್ತಿದ್ದನು. ಎಷ್ಟೋ ವೇಳೆ ಬೇಸತ್ತು, ಆ ಮರಣವನ್ನು ಸ್ವೀಕರಿಸಿ ಮುಂದೆ ನಡೆಯುತ್ತಿದ್ದನು. ಹಾಗೆ ಸ್ವೀಕರಿಸಿದ ಗಳಿಗೆಯೇ ಕಾವ್ಯದ ಗಳಿಗೆ. ಮೇಲಾಗಿ ಯಂತ್ರವನ್ನು ನಿಲ್ಲಿಸುವವನಿಗೆ ತಾನು ಕಟ್ಟಳೆಯನ್ನು ಮೀರಿದೆನೆಂಬ ಅರಿವಿರುತ್ತಿತ್ತು. ಈಗ ಮೀರುವುದೇ ಕಟ್ಟಳೆಯಾಗಿದೆ.

“ಆಡುವವನ ತಪ್ಪಿಲ್ಲದೆ, ನೂರಕ್ಕೆ ಎರಡು ಮೂರರಷ್ಟು ಮಾತ್ರ ಸಂಭವವುಳ್ಳ ಪೆಟ್ಟಿನಿಂದಲೂ ವೀರನು ಸಾಯುವುದುಂಟು. ದೈವದ ಅನ್ಯಾಯವನ್ನು ತಿದ್ದಿಕೊಳ್ಳುವುದು ತಪ್ಪೆ?” ಎಂಬುದು ಎರಡನೆಯ ಆಕ್ಷೇಪಣೆ. ಪದ್ಮವ್ಯೂಹದಲ್ಲಿ ಅಭಿಮನ್ಯುವು ಬಿದ್ದುದು ಯಾವ ನ್ಯಾಯದಿಂದ? ಹೊಗುವುದನ್ನು ಬಲ್ಲವನಾಗಿ, ಹೊರಡುವುದನ್ನು ಅರಿಯದ ಹುಡುಗನು ಹಲವರ ನಡುವೆ ಒಬ್ಬನಾಗಿ ಮಡಿದನು. ಸೂರ್ಯನನ್ನೇ ಮರೆಮಾಡಬಲ್ಲ ಕೃಷ್ಣನು ಆ ದಿನದ ಹೊತ್ತನ್ನು ಬೆಳಗಿಗೆ ತಿರುಗಿಸಿಬಿಟ್ಟಿದ್ದರೆ ಅರ್ಜುನನ ಶೋಕವೆಲ್ಲಿ, ಮರುದಿನದ ಪ್ರತಿಜ್ಞೆಯೆಲ್ಲಿ? ಅನ್ಯಾಯವಾದ ಮರಣವನ್ನು ಅಳಿಸುವುದು ಕವಿಯ ಕೆಲಸವಲ್ಲ. ಅದನ್ನು ಹೊರುವಂತೆ ಮಾಡುವುದು ಅವನ ಕೆಲಸ.

ಪೂರ್ವಪಕ್ಷವನ್ನು ಮುರಿಯಲು ಹೊರಗಿನ ಸಾಕ್ಷಿಯೂ ಬೇಕಾಗಿಲ್ಲ. ಆಟದೊಳಗಿನ ಪ್ರಸಂಗವೊಂದೇ ಸಾಕು. ಬೈಲೆತ್‌ನ ತಂದೆ ಜೆರಾಲ್ಟ್ ಎಂಬ ವೃದ್ಧ ಯೋಧನು ಬೆನ್ನಿಗೆ ಬಿದ್ದ ಕಠಾರಿಯಿಂದ ಕೆಳಗುರುಳುತ್ತಾನೆ. ಬೈಲೆತ್ ಕೂಡಲೆ ಕಾಲವನ್ನು ತಿರುಗಿಸಿ ಕೊಲೆಗಾತಿಯ ಕೈಯನ್ನು ತಡೆಯಹೋಗುತ್ತಾನೆ. ಮತ್ತೊಬ್ಬ ಶತ್ರುವು ಅಡ್ಡಬಂದು ಆ ಯತ್ನವನ್ನು ಕೆಡಿಸುತ್ತಾನೆ. ತಂದೆಯು ಎರಡನೆಯ ಸಲವೂ ಸಾಯುತ್ತಾನೆ. ಅದುವರೆಗೆ ಎಂದೂ ಅಳದಿದ್ದ ಮಗನ ಕಣ್ಣಿನಿಂದ ಆಗ ನೀರು ಬೀಳುತ್ತದೆ. ಈ ಕಥೆಯಲ್ಲಿ ಇದಕ್ಕಿಂತ ಮೇಲಾದ ಗಳಿಗೆಯಿಲ್ಲವೆಂದು ಹೊಗಳುವವರೂ ಹೇಳುವುದುಂಟು. ಅದು ಮೇಲಾದುದು ಏತಕ್ಕೆ? ಕಾಲಚಕ್ರವು ಅಲ್ಲಿ ಸೋತುದರಿಂದ. ಶಕ್ತಿಯಿದ್ದೂ ಫಲಿಸದೆ ಹೋದಾಗ ಮಾತ್ರ ಕರುಣವು ಹುಟ್ಟುವುದೆಂಬ ಗುಟ್ಟನ್ನು ಆ ಒಂದು ಪ್ರಸಂಗದಲ್ಲಿ ಕಂಡುಕೊಂಡ ಕರ್ತೃಗಳೇ, ಉಳಿದ ನೂರು ಕಾಳಗಗಳಲ್ಲಿ ಅದನ್ನು ಮರೆತರು. ತಂದೆಗೆ ಇಲ್ಲದ ಗುಂಡಿ ಶಿಷ್ಯರಿಗೆ ಏಕೆ?

ಆದುದರಿಂದ ಮೌಲ್ಯನಿರ್ಣಯವು ಹೀಗೆ ನಿಲ್ಲುತ್ತದೆ. ವಸ್ತುವಿನಲ್ಲಿ ಈ ಆಟವು ಉತ್ತಮ, ಪಾತ್ರಪೋಷಣೆಯಲ್ಲಿ ಉತ್ತಮ, ಚಿತ್ರಗಳಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ರಸನಿರ್ವಾಹದಲ್ಲಿ ಮಾತ್ರ ತನ್ನ ಕೈಯಿಂದ ತಾನೇ ಕೆಟ್ಟಿತು. ಇಂಥ ಆಟಗಳನ್ನು ಮುಂದೆ ನಿರ್ಮಿಸುವವರು ಮೂರು ಬಾಗಿಲುಗಳನ್ನಿಡಲಿ: ಮರಣವಿಲ್ಲದ್ದು ಒಂದು, ಕಾಲವನ್ನು ತಿರುಗಿಸತಕ್ಕದ್ದು ಒಂದು, ಎರಡೂ ಇಲ್ಲದ್ದು ಒಂದು; ಒಂದೊಂದಕ್ಕೂ ಅದರದರ ಹೆಸರನ್ನೇ ಬರೆಯಲಿ. ಅದುವರೆಗೆ “ಕ್ಲಾಸಿಕ್” ಕ್ರಮದಲ್ಲಿ ಆಡುವ ಸಹೃದಯನು ಆ ಗುಂಡಿಯನ್ನು ಮುಟ್ಟದೆ, ಬಿದ್ದ ಶಿಷ್ಯನ ಕೊನೆಯ ಮಾತನ್ನು ಪೂರ್ತಿಯಾಗಿ ಕೇಳಿ, ಮರುದಿನ ಅವನಿಲ್ಲದ ಮಠಕ್ಕೆ ಹಿಂದಿರುಗಲಿ. ಆಗ ಅವನು ಉಳಿದವರನ್ನು ಎಷ್ಟು ಎಚ್ಚರದಿಂದ ಕಾಳಗಕ್ಕೆ ಕರೆದೊಯ್ಯುವನೆಂಬುದನ್ನು ತಾನೇ ಕಂಡುಕೊಳ್ಳುವನು.