ಮಣ್ಣಿನಡಿ ಇನ್ನೂ ಜನರಿದ್ದಾರೆ

ಮಳೆ ಹಿಡಿದರೆ ಸಾಕು, ಟಿಟ್ವಾಳಾದಿಂದ ಡೊಂಬಿವಲಿಯವರೆಗಿನ ವಾಟ್ಸಾಪ್ ಗುಂಪುಗಳಲ್ಲಿ ಟ್ರೆಕ್ಕಿಂಗ್ ಕರೆಗಳು ಶುರು. ಈಚೆಗೆ ನನಗೆ ಬಂದ ಒಂದರಲ್ಲಿ ಇರ್ಶಾಳಗಡದ ಜೊತೆಗೆ 'ದುರಂತ ನಡೆದ ಜಾಗ'ವನ್ನೂ ತೋರಿಸುತ್ತಾರಂತೆ. ತಿಂಡಿ, ಊಟ, ಫೋಟೋ ಎಲ್ಲ ಸೇರಿ ಒಂದೇ ದರ. ಕಳಿಸಿದವರು ನಮ್ಮವರೇ, ಕನ್ನಡಿಗರು.

ಏನು ಆ ಜಾಗ? ರಾಯಗಡ ಜಿಲ್ಲೆಯ ಇರ್ಶಾಳವಾಡಿ, ಠಾಕರ್ ಆದಿವಾಸಿಗಳ ಹಾಡಿ. 2023ರ ಜುಲೈ 19ರ ರಾತ್ರಿ ಗುಡ್ಡ ಜಾರಿ ಮನೆಗಳ ಮೇಲೆ ಬಿತ್ತು. ವಾಹನ ಹೋಗುವ ದಾರಿಯಿಲ್ಲದ್ದರಿಂದ ಜೆಸಿಬಿ ಏರಲಿಲ್ಲ. ಗುದ್ದಲಿ, ಸಲಿಕೆ, ಬರಿಗೈಯಲ್ಲೇ ಅಗೆದರು. 27 ಶವ ಸಿಕ್ಕವು. ಇನ್ನೂ 57 ಮಂದಿ ಸಿಗದೆ ಹುಡುಕಾಟ ನಿಂತಿತು. ಅಂದರೆ ನಾವು ನಿಂತು ಸೆಲ್ಫಿ ತೆಗೆಯುವ ನೆಲ ಮಸಣ.

'ಹಂಪಿಗೆ ಹೋಗುವುದಿಲ್ಲವೇ? ಅದೂ ಹಾಳೂರೇ' ಎನ್ನುವವರಿದ್ದಾರೆ. 1565ರಲ್ಲಿ ಹಂಪಿಯಲ್ಲಿ ಸತ್ತವರಿಗಾಗಿ ಅಳುವ ತಾಯಿ ಇಂದಿಲ್ಲ. ಇರ್ಶಾಳವಾಡಿಯ ತಾಯಂದಿರು ಗುಡ್ಡದ ಕೆಳಗೆ ಚೌಕ್ ಬಳಿ ಸಿಡ್ಕೊ ಕಟ್ಟಿಕೊಟ್ಟ ಮನೆಗಳಲ್ಲಿದ್ದಾರೆ. ಪಾರಂಪರಿಕ ತಾಣ ಆಗಬೇಕೋ ಬೇಡವೋ ಎಂದು ಹೇಳುವ ಹಕ್ಕು ಅವರದು, ಟ್ರೆಕ್ ನಡೆಸುವವರದಲ್ಲ. 2024ರಲ್ಲಿ ವಯನಾಡಿನ ಗುಡ್ಡ ಕುಸಿದಾಗ, ನೋಡಲೆಂದು ಬರಬೇಡಿ ಎಂದು ಕೇರಳ ಪೊಲೀಸರೇ ಬೇಡಿಕೊಳ್ಳಬೇಕಾಯಿತು. ಅಷ್ಟು ಹೇಳಿಸಿಕೊಳ್ಳಬೇಕೆ ನಾವು?

ದುರಂತವನ್ನು ಮರೆಯಿರಿ ಎಂದು ನಾನು ಹೇಳುತ್ತಿಲ್ಲ. ನೆನಪಿಡುವ ರೀತಿ ನಮಗೆ ಗೊತ್ತಿದೆ. ಕರ್ನಾಟಕದ ಊರೂರಲ್ಲೂ ವೀರಗಲ್ಲುಗಳಿವೆ: ಯಾರು ಸತ್ತರು, ಯಾಕೆ ಸತ್ತರು ಎಂದು ಕೆತ್ತಿ, ಊರವರೇ ನಿಲ್ಲಿಸಿದ ಕಲ್ಲುಗಳು. ಅದು ಪರಂಪರೆ. ಅದಕ್ಕೆ ಟಿಕೆಟ್ಟಿಲ್ಲ.

ಹಾಗೆ ನೆನಪಿಡಬೇಕಾದದ್ದು ನಮ್ಮ ಹೊಸ್ತಿಲಲ್ಲೇ ಇದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು; ಇತ್ತ ಉಲ್ಹಾಸ್, ಕಾಳು ನದಿಗಳು ಉಕ್ಕಿ ಕಲ್ಯಾಣದ ಸುತ್ತಲಿನ ಊರುಗಳು ಮುಳುಗಿದವು. ನೀರು ಎಲ್ಲಿಯವರೆಗೆ ಬಂದಿತ್ತು ಎಂದು ತೋರಿಸುವ ಒಂದು ಗೆರೆಯನ್ನೂ ಟಿಟ್ವಾಳಾದಲ್ಲಿ ನಾನು ಓಡಾಡುವ ದಾರಿಗಳಲ್ಲಿ ಕಂಡಿಲ್ಲ. ಹೊಸ ಕಟ್ಟಡಗಳು ಮಾತ್ರ ನದಿಯ ಕಡೆಗೇ ಸರಿಯುತ್ತಿವೆ. ಫ್ಲಾಟ್ ಕೊಳ್ಳುತ್ತಿರುವವರಲ್ಲಿ ಕೆಲಸ ಹುಡುಕಿ ಬಂದ ನಮ್ಮಂಥವರೇ ಹೆಚ್ಚು. ಹಳೆಯ ನೆರೆಯ ಎತ್ತರ ನಮಗೆ ಯಾರೂ ಹೇಳುವುದಿಲ್ಲ.

ರಾಜ್ಯೋತ್ಸವಕ್ಕೆ ಶಾಮಿಯಾನ ಹಾಕುವ ನಮ್ಮ ಸಂಘಗಳು ಈ ಒಂದು ಕೆಲಸ ಮಾಡಲಿ. ಹಳೆಯ ನಿವಾಸಿಗಳನ್ನು ಕೇಳಿ, ಅಂದಿನ ನೀರಿನ ಮಟ್ಟ ಗುರುತಿಸಿ, ಮರಾಠಿ-ಕನ್ನಡ ಎರಡರಲ್ಲೂ ಬರೆಸಿದ ಕಲ್ಲು ನಿಲ್ಲಿಸಲು ಕಲ್ಯಾಣ-ಡೊಂಬಿವಲಿ ಮಹಾನಗರಪಾಲಿಕೆಗೆ ಅರ್ಜಿ ಕೊಡಲಿ. ಸತ್ತವರಿಗೆ ಅದು ಗೌರವ, ಬದುಕಿರುವವರಿಗೆ ಎಚ್ಚರಿಕೆ. ಇರ್ಶಾಳವಾಡಿಯ ಮಣ್ಣನ್ನು ಅದರ ಪಾಡಿಗೆ ಬಿಡೋಣ.